ಯಜಮಾನರ ಒಪ್ಪಿಗೆ
ಚೇಳೂರಿನ ಹತ್ತಿರದ ಊರೊಂದರ ದಲಿತರ ಕಾಲೋನಿಗೆ ಬೋರ್ ಕೊರೆಸಲು ಹೋಗಿದ್ದೆ. ಪಂಚಾಯ್ತಿ ಅಧ್ಯಕ್ಷೆ ಸಹಿ ಹಾಕಿದ್ದರೂ ಊರಿನ ಮೇಲ್ಜಾತಿಯ ಜನ ಲಾರಿಗೆ ಅಡ್ಡ ನಿಂತರು.

"ಯಜಮಾನ್ರು ಹೂಂ ಅಂದಿಲ್ಲ ಸಾರ್."

ಯಾವ ಹುದ್ದೆಯೂ ಇಲ್ಲದ ಆ ಯಜಮಾನರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಯಾರೋ ಲಾರಿಯ ಬಾಗಿಲಿಗೆ ದೊಣ್ಣೆಯಿಂದ ಕುಟ್ಟಿದರು.

ಅಷ್ಟರಲ್ಲಿ ಕಾಲೋನಿಯವರೇ ಆದ ಅಧ್ಯಕ್ಷೆ ಬಂದು ಜಗಲಿಯ ಮುಂದೆ ನಿಂತರು.

"ಲಾರಿ ವಾಪಸ್ ಹೋದ್ರೆ ನಾಳೆಯಿಂದ ನಾವೆಲ್ಲ ನಿಮ್ಮ ಬಾವಿಗೇ ನೀರಿಗೆ ಬರ್ತೀವಿ."

ಯಜಮಾನರ ಕೈ ನಿಂತಿತು.

"ಏನ್ಲಾ ನೋಡ್ತೀರಾ? ದಾರಿ ಬುಡ್ರಲಾ!" ಎಂದು ಅವರು ತಮ್ಮ ಜನರಿಗೇ ಗದರಿದರು.

ಸಂಜೆ ನೀರು ಚಿಮ್ಮಿದಾಗ, ಬೋರ್ ಕೊರೆಸಿದ್ದು ತಾವೇ ಎಂದು ಯಜಮಾನರು ಎಲ್ಲರಿಗೂ ಹೇಳುತ್ತಿದ್ದರು. ನಾನು ಅಧ್ಯಕ್ಷೆಯ ಮುಖ ನೋಡಿದೆ.

"ಹೇಳ್ಕೊಳ್ಲಿ ಬುಡಿ ಸಾರ್," ಅಂದರು. "ತಾನೇ ಕೊರೆಸಿದ್ದನ್ನ ಇನ್ನು ನಿಲ್ಸಕ್ಕಾಗಲ್ವಲ್ಲ."