ಎರಡಡಿ ಕೆಳಗಿಳಿಸಿದ ರಸ್ತೆ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗಿನ ಮಾತು. ಹಾಗೆ ನೋಡಿದರೆ ತೀರ ಈಚಿನದು. ನಾನು ಹುಮನಾಬಾದಿನಲ್ಲಿ ಸಹಾಯಕ ಎಂಜಿನಿಯರ್. ಬಸವಕಲ್ಯಾಣದ ಹುದ್ದೆ ಖಾಲಿ ಬಿದ್ದದ್ದರಿಂದ ಅಲ್ಲಿನ ರಸ್ತೆಗಳ ಪ್ರಭಾರವೂ ನನ್ನ ಹೆಗಲಿಗೇರಿತು. ಪ್ರಭಾರವೆಂದರೆ ಸಂಬಳ ಒಂದು, ಬೈಗುಳ ಎರಡು ಊರಿನವು.

ಹೊಸ ಬಡಾವಣೆಗಳಲ್ಲಿ ಬಸವಕಲ್ಯಾಣ ಅಗಲವಾಗಿ ಬೆಳೆಯುತ್ತಿತ್ತು. ಹಳೆಯ ಓಣಿಗಳು ಮೇಲಕ್ಕೆ ಬೆಳೆಯುತ್ತಿದ್ದವು. ಅನುದಾನ ಬಂದಾಗಲೆಲ್ಲ ಹಳೆಯ ರಸ್ತೆಯನ್ನು ಕೀಳದೆ ಅದರ ಮೇಲೆಯೇ ಇನ್ನೊಂದು ಪದರ ಹಾಕುವುದು ನಮ್ಮ ಇಲಾಖಾ ಸಂಪ್ರದಾಯ. ಹಾಕಿದ್ದನ್ನು ಉದ್ಘಾಟಿಸಬಹುದು, ಕಿತ್ತದ್ದನ್ನು ಯಾರು ಉದ್ಘಾಟಿಸುತ್ತಾರೆ? ಹೀಗೆ ಕೋಟೆಯ ಬದಿಯ ಒಂದು ಓಣಿಯಲ್ಲಿ ರಸ್ತೆ ಹೊಸ್ತಿಲುಗಳಿಗಿಂತ ಎತ್ತರವಾಯಿತು. ಮಳೆನೀರು ನುಗ್ಗದಿರಲೆಂದು ಜನ ಮಣ್ಣು ತುಂಬಿ ಮನೆಯ ನೆಲ ಏರಿಸಿಕೊಂಡರು. ಬಾಗಿಲುಗಳು ಗಿಡ್ಡವಾದವು.

ಸರ್ವೆಗೆ ಹೋದ ದಿನ, ಎಮ್ಮೆ ಸಾಕಿ ಹಾಲು ಮಾರುವ ಶಾಂತಾಬಾಯಿ ತನ್ನ ಬಾಗಿಲಲ್ಲಿ ನನ್ನನ್ನು ಸ್ವಾಗತಿಸಿದ್ದು ಹೀಗೆ: "ಬಗ್ಗಿ ಬರ್ರಿ ಸಾಹೇಬ್ರ. ಇನ್ನೊಮ್ಮೆ ನಿಮ್ಮ ರೋಡ್ ಆಯ್ತಂದ್ರ ನಾವು ತೆವಳಿ ಬರೋದೇ ಅದ." ಒಳಗೆ ಸೊಂಟದ ಮೂಳೆ ಮುರಿದ ಗಂಡ ಮಾರುತಿ ಮಂಚ ಹಿಡಿದಿದ್ದ.

ನನಗೆ ನ್ಯಾಯದ ಆವೇಶ ಬಂತು. ರಸ್ತೆಯನ್ನು ಎರಡಡಿ ಅಗೆದು ಹಳೆಯ ಮಟ್ಟಕ್ಕೆ ಇಳಿಸುವ ಯೋಜನೆ ಮಾಡಿದೆ. ಹಣ ಸಾಲದು, ಆದ್ದರಿಂದ ಕಾಮಗಾರಿಯ ಉದ್ದವನ್ನು ಅರ್ಧಕ್ಕೆ ಇಳಿಸಿ ಉಳಿದ ಹಣವನ್ನು ಅಗೆತಕ್ಕೆ ಹಾಕಿದೆ. ನೆಲದ ಪದರ ನೋಡಲು ತೋಡುವ ಟ್ರಯಲ್ ಪಿಟ್ ಎಂಬ ಗುಂಡಿಯನ್ನು ರೂಢಿಯಂತೆ ರಸ್ತೆಯ ನಟ್ಟನಡುವೆ ತೋಡಿಸಿದೆ. ಎಲ್ಲವೂ ಗಟ್ಟಿಯಾಗಿತ್ತು. ಮನೆಗಳ ಗೋಡೆಯ ಪಾದ ಎಷ್ಟು ಆಳದಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನು.

ಕೆಲಸ ಶುರುವಾದ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜೆಸಿಬಿ ಶಾಂತಾಬಾಯಿಯ ಮನೆ ಮುಂದಿನ ಮಣ್ಣು ಬಾಚಿತು. ಕಲ್ಲುಮಣ್ಣಿನ ಗೋಡೆಯ ತಳದ ಕಲ್ಲು ಹಳೆಯ ನೆಲದ ಮಟ್ಟದಲ್ಲೇ ಕಂಡಿತು. ಅದರ ಕೆಳಗೆ ಬರೀ ಸಡಿಲ ಮಣ್ಣು. ಆಗ ಹೊಳೆಯಿತು: ಮನೆಯೊಳಗೆ ತುಂಬಿದ ಎರಡಡಿ ಮಣ್ಣು ಗೋಡೆಯನ್ನು ಹೊರಗೆ ನೂಕುತ್ತಿದೆ, ಇಷ್ಟು ವರ್ಷ ಅದನ್ನು ಎದುರಿನಿಂದ ಒತ್ತಿ ಹಿಡಿದದ್ದು ನಾವು ಏರಿಸಿದ ಆ ದರಿದ್ರ ರಸ್ತೆಯೇ! ಅದನ್ನೇ ನಾನು ಕಿತ್ತಿದ್ದೆ.

ಬಾಗಿಲ ಪಕ್ಕ ಕೂದಲೆಳೆಯಂಥ ಬಿರುಕು ಮೂಡಿತು. ನೋಡುತ್ತಿದ್ದಂತೆ ಅದರಲ್ಲಿ ಬೆರಳು ಹೋಗುವಂತಾಯಿತು.

"ಬಾಯೇರ, ಹೊರಗ ಬರ್ರಿ!" ಎಂದು ಕೂಗಿದೆ.

"ಇವರನ್ನ ಬಿಟ್ಟು ಹ್ಯಾಂಗ ಬರ್ಲಿ? ಮಂಚ ಬಾಗಲದಾಗ ಹಿಡಿಯಂಗಿಲ್ಲ!"

ಗುತ್ತಿಗೆದಾರ ಮಾಣಿಕರಾವ್ ನನ್ನ ಬದಿಯಲ್ಲೇ ನಿಂತಿದ್ದ. ಅಗೆದ ಮಣ್ಣು ಟ್ರ್ಯಾಕ್ಟರುಗಳಲ್ಲಿ ಊರಾಚೆ ಹೋಗಿಯಾಗಿತ್ತು. ಎದುರಿಗಿದ್ದದ್ದು ರಸ್ತೆಗೆಂದು ತಂದ ಜಲ್ಲಿಯ ರಾಶಿ. "ಅದನ್ನೇ ಗೋಡೆಗೆ ಒತ್ತಿ ಸುರೀರಿ, ನಿಧಾನಕ್ಕ" ಎಂದೆ.

"ಎಸ್ಟಿಮೇಟ್‌ದಾಗ ಇಲ್ರಿ ಸಾಹೇಬ್ರ. ನಾಳೆ ಬಿಲ್ ಯಾರ ಹೆಸರ್ಲೆ ಬರೀಲಿ?"

"ನನ್ನ ಹೆಸರ್ಲೆ ಬರಿ. ಸುರಿ ಮೊದ್ಲು!"

ಒಳಗೆ ಹೋದೆ. ಧೈರ್ಯದಿಂದಲ್ಲ, ಹೊರಗೆ ನಿಂತು ಆ ಬಿರುಕು ನೋಡುವ ಶಕ್ತಿ ಇರಲಿಲ್ಲ. ಮಾಳಿಗೆಯಿಂದ ಮಣ್ಣು ಕತ್ತಿನ ಮೇಲೆ ಉದುರುತ್ತಿತ್ತು. ಗೋಡೆಯೊಳಗೆ ಯಾರೋ ಹಲ್ಲು ಕಡಿಯುವಂಥ ಸದ್ದು. ಶಾಂತಾಬಾಯಿ ನೆಲದ ಮೇಲೆ ಕಂಬಳಿ ಹಾಸಿದಳು. ಇಬ್ಬರೂ ಮಾರುತಿಯನ್ನು ಅದರ ಮೇಲಿಳಿಸಿ ಬಾಗಿಲತ್ತ ಎಳೆದೆವು. ಅವನು ನೋವಿಗೆ ಚೀರಿದ. ಅವಳು ಗದರಿದಳು, "ಒದರಬ್ಯಾಡ್ರಿ, ಗ್ವಾಡಿ ಕೇಳಾಕತ್ತದ!"

ಹೊರಗೆ ಜನ ಕಂಬಳಿಯ ತುದಿ ಹಿಡಿದರು. ಜಲ್ಲಿ ಗೋಡೆಗೆ ಒತ್ತಿಕೊಂಡು ಮೊಣಕಾಲಮಟ್ಟ ಏರಿತ್ತು. ಬಿರುಕು ಇನ್ನಷ್ಟು ತೆರೆಯಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ. ನಾನು ಎದುರುಮನೆಯ ಕಟ್ಟೆಯ ಮೇಲೆ ಕುಳಿತೆ. ಶಾಂತಾಬಾಯಿ ಆ ಮನೆಯಿಂದ ನೀರು ತಂದು ಗಂಡನಿಗೆ ಕುಡಿಸಿ ನನಗೂ ಕೊಟ್ಟಳು.

"ನಾವಂತೂ ಹೊರಗ ಬಂದ್ವಿ," ಎಂದಳು. "ಮುಂದಿನ ಮನಿಗೋಳಾಗೂ ಮಂದಿ ಅದಾರ ಸಾಹೇಬ್ರ."

ಜೆಸಿಬಿ ನಿಲ್ಲಿಸಿದೆ. ಮರುದಿನದಿಂದ ಪ್ರತಿ ಮನೆಯ ಗೋಡೆಯ ಪಾದದಲ್ಲಿ ಕೈಯಿಂದ ಗುಂಡಿ ತೋಡಿಸಿ ನಾನೇ ಇಳಿದು ನೋಡಿದೆ. ಪಾದ ಆಳವಿದ್ದಲ್ಲಿ ಅಗೆದೆವು, ಇಲ್ಲದಲ್ಲಿ ಮೊದಲು ಕಲ್ಲಿನ ಆಸರೆ ಕಟ್ಟಿದೆವು; ಶಾಂತಾಬಾಯಿಯ ಗೋಡೆಗೇ ಮೊದಲು. ಉದ್ದ ಇನ್ನೂ ಕಡಿಮೆಯಾಯಿತು. ಪರಿಷ್ಕೃತ ಅಂದಾಜುಪಟ್ಟಿಯಲ್ಲಿ ಹೆಚ್ಚುವರಿ ಖರ್ಚಿಗೆ ಕಾರಣ ಬರೆಯುವ ಕಾಲಮ್ಮು ಇರುತ್ತದೆ. ಅಲ್ಲಿ ಬರೆದೆ: "ಮನೆಗಳೊಳಗೆ ಜನರಿದ್ದಾರೆ."

ಮೇಲಿನ ಕಚೇರಿಯ ಅಧಿಕಾರಿ ಕನ್ನಡಕ ಏರಿಸಿ ಕೇಳಿದರು, "ಇದು ಟೆಕ್ನಿಕಲ್ ಕಾರಣವೇನ್ರಿ?"

ಮೂವತ್ತು ವರ್ಷದ ನೌಕರಿಯಲ್ಲಿ ನಾನು ಕಲಿತ ಟೆಕ್ನಿಕಲ್ ಕಾರಣ ಅದೊಂದೇ. ಹೌದೆಂದೆ.