ಹದಿನಾಲ್ಕು ಸೀಗಡಿಗಳ ಬಾಟಲಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಬಾಟಲಿ ಮಾವ ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಅವರು ನೆಲಮಾಳಿಗೆಯ ಉಗ್ರಾಣದಲ್ಲಿ ಸಮುದ್ರದ ಸತ್ತ ಜೀವಿಗಳನ್ನು ಗಾಜಿನ ಬಾಟಲಿಗಳಲ್ಲಿ ಕಾಪಾಡಿದರು. ಎಲ್ಲಾದರೂ ಮುಚ್ಚಳ ಸಡಿಲವಾದರೆ ಅವರ ಮೂಗಿಗೇ ಮೊದಲು ಗೊತ್ತಾಗುತ್ತಿತ್ತು.

"ಮನೆಗೆ ಬಂದ್ರೂ ಅದೇ ವಾಸನೆ. ನೀವು ಸತ್ತ ಮೇಲೂ ಕೊಳೆಯೋರಲ್ಲ ಬಿಡಿ" ಎಂದು ಹೆಂಡತಿ ಅಣಕಿಸುತ್ತಿದ್ದರು.

"ನಿನಗೇ ಅನುಕೂಲ. ಕಪಾಟಲ್ಲಿ ಇಟ್ಕೋ."

ಆ ಸಾವಿರಾರು ಬಾಟಲಿಗಳಲ್ಲಿ ಮಾವನಿಗೆ ಒಂದರ ಮೇಲೆ ಜೀವ. ಅದರಲ್ಲಿ ಹದಿನಾಲ್ಕು ಸೀಗಡಿಗಳಿದ್ದವು. ಸಮುದ್ರದ ತಳ ಬಿರಿದು ಕಾದ ನೀರು ಕಪ್ಪು ಹೊಗೆಯಂತೆ ಉಕ್ಕುವ ಬುಗ್ಗೆಯೊಂದರ ಬಾಯಲ್ಲಿ ಬದುಕಿದ್ದವು ಅವು. ಬಿಸಿಲು ಮುಟ್ಟದ ಜಾಗ. ಮುಖದಲ್ಲಿ ಕಣ್ಣಿಲ್ಲ, ಬೆನ್ನ ಮೇಲೆ ಕಾದ ಬುಗ್ಗೆ ಸೂಸುವ ಮಂದ ಬೆಳಕನ್ನು ಹಿಡಿಯುವ ಮಚ್ಚೆ. ಇಂಥ ಬುಗ್ಗೆ ಒಂದಲ್ಲ ಒಂದು ದಿನ ಆರುತ್ತದೆ. ದೊಡ್ಡವು ಅಲ್ಲೇ ಸಾಯುತ್ತವೆ. ಅದಕ್ಕೆ ಮೊದಲೇ ಪ್ರವಾಹಕ್ಕೆ ಬಿದ್ದ ಮರಿಗಳು ತಿಂಗಳುಗಟ್ಟಲೆ ತೇಲಿ, ಹಣೆಯಲ್ಲಿ ಬರೆದಿದ್ದರೆ, ಇನ್ನೊಂದು ಬುಗ್ಗೆ ಸೇರುತ್ತವೆ. ಇಪ್ಪತ್ತೆರಡು ವರ್ಷದ ಹಿಂದೆ ಹಡಗಿನಲ್ಲಿ ಹೋಗಿ ಅವನ್ನು ತಂದವರು ಮಾವನೇ. ಮತ್ತೆ ಹೋದವರಿಗೆ ಸಿಕ್ಕಿದ್ದು ತಣ್ಣನೆಯ ಕಲ್ಲು.

ಕಳೆದ ವರ್ಷ ಒಬ್ಬ ಸಂಶೋಧಕಿ ಆ ಬಾಟಲಿ ಹುಡುಕಿಕೊಂಡು ಬಂದಳು. ದೂರದೂರದ ಬುಗ್ಗೆಗಳಲ್ಲಿ ಈಗ ಬೇರೆಬೇರೆ ಜಾತಿಗಳಾಗಿರುವ ಸೀಗಡಿಗಳು ಎಲ್ಲಿ ಕವಲೊಡೆದವು, ಯಾವ ದಾರಿ ಹಿಡಿದು ಹರಡಿದವು ಎಂಬುದು ಅವಳ ಪ್ರಶ್ನೆ. ಈ ಹದಿನಾಲ್ಕರ ವಂಶವಾಹಿ ಓದಿದರೆ ನಡುವಿನ ಕೊಂಡಿ ಸಿಗುತ್ತಿತ್ತು.

"ಯಾವ ದ್ರವದಲ್ಲಿ ಇಟ್ಟಿದ್ದೀರಿ, ಮಾವ?"

"ಚೀಟಿ ಮೇಲಿದೆಯಲ್ಲಮ್ಮ."

ಚೀಟಿ ಆಲ್ಕೋಹಾಲ್ ಎನ್ನುತ್ತಿತ್ತು. ಸುಳ್ಳಲ್ಲ. ಆದರೆ ಹಡಗಿನಲ್ಲಿ ಅವನ್ನು ಮೊದಲು ಮುಳುಗಿಸಿದ್ದು ಫಾರ್ಮಲಿನ್‌ನಲ್ಲಿ. ಗುರುಗಳು ಕಲಿಸಿದ್ದೇ ಹಾಗೆ: ಮೈ ಬಿಗಿಯುತ್ತದೆ, ಒಂದು ಮೀಸೆಯೂ ಮುರಿಯುವುದಿಲ್ಲ. ಆಮೇಲೆ ತೊಳೆದು ಆಲ್ಕೋಹಾಲಿಗೆ ದಾಟಿಸಿ, ಉಗ್ರಾಣದ ರೂಢಿಯಂತೆ ಈಗಿರುವ ದ್ರವದ ಹೆಸರನ್ನಷ್ಟೇ ಬರೆದರು. ಫಾರ್ಮಲಿನ್ ಮೈಯನ್ನು ಉಳಿಸಿ ವಂಶವಾಹಿಯನ್ನು ಚಿಂದಿ ಮಾಡುತ್ತದೆಂದು ಅವರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಹೇಳಿಬಿಡೋಣವೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವಳು, "ನೀವಿಲ್ದಿದ್ರೆ ಇವುಗಳ ಕಥೆ ಮುಗೀತಿತ್ತು" ಅಂದಳು. ಮಾವ ಬಾಟಲಿಯ ಮುಚ್ಚಳ ತಿರುಗಿಸಿ ತೆರೆದುಕೊಟ್ಟರು. ಒಂದೆರಡರಲ್ಲಾದರೂ ಏನಾದರೂ ಉಳಿದಿರಬಹುದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮೊದಲ ಸೀಗಡಿಯಲ್ಲಿ ಏನೂ ಸಿಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಅವಳು ತನ್ನ ಕೈಗುಣವನ್ನೇ ಬೈದುಕೊಂಡಳು. ರಾಸಾಯನಿಕ ಬದಲಿಸಿದಳು, ಯಂತ್ರ ಬದಲಿಸಿದಳು. ಒಂದು ಕಾಲು ಸಾಕೆಂದವಳು ಇಡೀ ಮೈಯನ್ನೇ ಅರೆಯತೊಡಗಿದಳು. ಮಾವ ದಿನಾ ಕೆಳಗಿಳಿದು ಬಾಟಲಿ ನೋಡುವರು, ಮೆಟ್ಟಿಲು ಹತ್ತುವಾಗ ಏದುಸಿರು. ಶ್ವಾಸಕೋಶ ಹಾಳಾಗಿದೆ ಎಂದು ವೈದ್ಯರು ಹೇಳಿಯಾಗಿತ್ತು.

"ತಟ್ಟೆ ಹಾಗೇ ಇದೆಯಲ್ಲ" ಅಂದರು ಹೆಂಡತಿ, ಒಂದು ರಾತ್ರಿ ಊಟಕ್ಕೆ ಕೂತಾಗ.

"ಒಂದು ಮಾತು ಹೇಳಬೇಕು, ಆಗ್ತಿಲ್ಲ."

"ನನಗಾ?"

"ಅಲ್ಲ."

"ಹಾಗಾದ್ರೆ ಹೋಗಿ ಹೇಳಿ ಬನ್ನಿ. ನುಂಗಿಕೊಂಡ್ರೆ ಕೆಮ್ಮು ಕಡಿಮೆ ಆಗುತ್ತಾ?"

ಮರುದಿನ ಬೆಳಿಗ್ಗೆ ಹೇಳಿದರು. ಆಗ ಮೂರು ಉಳಿದಿದ್ದವು.

ಅವಳು ಚಿಮುಟ ಕೆಳಗಿಟ್ಟಳು. ಬಯ್ಯಲಿಲ್ಲ. "ಮೊದಲ ದಿನವೇ ಹೇಳಿದ್ರೆ ಹದಿನಾಲ್ಕೂ ಇರ್ತಿದ್ವಲ್ಲ, ಮಾವ. ಮುಂದೆ ಯಾರಾದ್ರೂ ಬೇರೆ ದಾರಿ ಕಂಡುಕೊಳ್ತಿದ್ರೇನೋ."

"ಹೌದಮ್ಮ."

"ಹೀಗೆ ಇನ್ನೆಷ್ಟು ಬಾಟಲಿ?"

"ಸುಮಾರಿವೆ. ಎಲ್ಲೂ ಬರೆದಿಲ್ಲ. ತಲೇಲಿದೆ."

ಅಂದೇ ಇಬ್ಬರೂ ಚೀಟಿಗಳನ್ನು ತಿದ್ದಲು ಕೂತರು. ನಾಲ್ಕನೆಯ ಕಪಾಟು ಮುಟ್ಟುವಷ್ಟರಲ್ಲಿ ಮಾವ ಆಸ್ಪತ್ರೆ ಸೇರಿದರು. ಮುಖಕ್ಕೆ ಆಮ್ಲಜನಕದ ಮುಖವಾಡ, ಮಾತಿಲ್ಲ. ಅವಳು ಪಟ್ಟಿ ಹಿಡಿದು ಮಂಚದ ಪಕ್ಕ ಕೂತು ಒಂದೊಂದೇ ಸಂಖ್ಯೆ ಓದುವಳು. ಫಾರ್ಮಲಿನ್ ಕಂಡದ್ದಾದರೆ ಮಾವ ಬೆರಳೆತ್ತುವರು. ಗುರುವಾರ ಮಧ್ಯಾಹ್ನ ಒಂದು ಸಂಖ್ಯೆಗೆ ಬೆರಳು ಅರ್ಧ ಎದ್ದು ನಿಂತಿತು.

"ಹೌದಾ, ಮಾವ?"

ಬೆರಳು ಇಳಿಯಿತು. ಅದು ಹೌದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಸಂಜೆಗೆ ಮಾವ ಹೋದರು. ಪಟ್ಟಿಯಲ್ಲಿ ಇನ್ನೂ ಎರಡು ಸಾವಿರಕ್ಕೂ ಮಿಕ್ಕಿ ಬಾಟಲಿಗಳಿವೆ.