ದನಿ ಹೋದವರ ಸರ್ವರ್

ಮೊದಲು ದನಿ ಒಡೆಯಿತು. ಸಿಂಧನೂರಿನ ತರಕಾರಿ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಹರಾಜಿನ ಸವಾಲು ಕೂಗಿದವನು ನಾನು. ಗಂಟಲು ಕಟ್ಟುವುದು ನನಗೆ ಹೊಸದೇನಲ್ಲ. ಬಿಸಿನೀರು ಕುಡಿದೆ, ಜೇಷ್ಠಮಧು ಅಗಿದೆ, ಮೂರು ತಿಂಗಳು ಕಳೆದೆ. ಹುಬ್ಬಳ್ಳಿಯ ಡಾಕ್ಟರು ಬಯಾಪ್ಸಿ ರಿಪೋರ್ಟ್ ನೋಡಿ ಮೆಲ್ಲಗೆ ಹೇಳಿದರು: "ಕ್ಯಾನ್ಸರ್ ಅದ. ವಾಯ್ಸ್ ಬಾಕ್ಸ್ ತೆಗೀಬೇಕಾಗ್ತದ."

ತೆಗೆದರು.

ಈಗ ಕುತ್ತಿಗೆಯ ತೂತಿನಿಂದ ಉಸಿರಾಡುತ್ತೇನೆ. ವಾಸನೆಯೂ ಹೋಯಿತು, ಹಾಲು ಉಕ್ಕಿ ಸೀದರೂ ಗೊತ್ತಾಗುವುದಿಲ್ಲ. ಹೆಂಡತಿ ಈರಮ್ಮನನ್ನು ಕರೆಯಲು ಚಪ್ಪಾಳೆ ತಟ್ಟಬೇಕು. ಸಿಟ್ಟು ಬಂದರೆ ಬೈಯಲೂ ಆಗದು, ನನ್ನಂಥವನಿಗೆ ಅದೇ ದೊಡ್ಡ ಸಂಕಟ. ನೋಡಲು ಬಂದವರು ನನ್ನನ್ನು ಬಿಟ್ಟು ಅವಳನ್ನು ಕೇಳುತ್ತಿದ್ದರು, "ಊಟ ಮಾಡ್ತಾರೇನು?" ನಾನು ಎದುರಿಗೇ ಕುಳಿತಿರುತ್ತಿದ್ದೆ. ಊರೆಲ್ಲ ಇರುವ ದೊಡ್ಡ ಆ್ಯಪಿನಲ್ಲಿ ಒಮ್ಮೆ ಕುತ್ತಿಗೆ ಕಾಣುವ ನನ್ನ ಫೋಟೊ ಹಾಕಿದೆ. ಕೆಳಗೆ ನಗುವ ಮುಖಗಳು ಬಂದವು. ಬದುಕಿ ಏನು ಮಾಡುವುದಿದೆ ಎಂದು ಆಗ ನಿಜವಾಗಿಯೂ ಅನಿಸಿತ್ತು.

ಸ್ಪೀಚ್ ಥೆರಪಿಸ್ಟ್ ಹುಡುಗಿ ಇಂಟರ್‌ನೆಟ್ಟಿನ ಒಂದು ವಿಳಾಸ ಬರೆದುಕೊಟ್ಟಳು. ಇದೂ ಆ ಆ್ಯಪಿನಂಥದ್ದೇ, ಆದರೆ ಇದಕ್ಕೆ ಒಬ್ಬನೇ ಮಾಲೀಕನಿಲ್ಲವಂತೆ. ಬೇರೆ ಬೇರೆ ಮಂದಿ ನಡೆಸುವ ಸಣ್ಣ ಸಣ್ಣ ಸರ್ವರ್‌ಗಳು, ಬರೆದು ಮಾತಾಡುವ ಕಟ್ಟೆಗಳಿದ್ದ ಹಾಗೆ. ಒಂದರಲ್ಲಿದ್ದವರು ಇನ್ನೊಂದರಲ್ಲಿದ್ದವರ ಜೊತೆಗೂ ಮಾತಾಡಬಹುದು. ಅವುಗಳಲ್ಲೊಂದು ನನ್ನ ಹಾಗೆ ದನಿ ಕಳೆದುಕೊಂಡ ಕನ್ನಡದವರದು. 'ಯಾಕೆ ಸೇರಬೇಕೆಂದಿದ್ದೀರಿ?' ಎಂದು ಅದರ ಅರ್ಜಿ ಕೇಳಿತ್ತು. ತಹಶೀಲ್ದಾರರಿಗೆ ಬರೆಯುವಂತೆ ಬರೆದೆ: ಮಾನ್ಯರೇ, ಕೆಳಗೆ ಸಹಿ ಮಾಡಿದ ನಾನು ಶಸ್ತ್ರಚಿಕಿತ್ಸೆಯಾದವನು, ದಯಮಾಡಿ ಮಂಜೂರು ಮಾಡಬೇಕು. ರೇಷನ್ ಕಾರ್ಡ್ ನಂಬರೂ ಹಾಕಿದೆ.

ಮರುದಿನ ಉತ್ತರ ಬಂತು: "ಮಂಜೂರಾಗ್ಯದ. ಒಳಗ ಬರ್ರಿ. ರೇಷನ್ ಮಾತ್ರ ಇಲ್ಲಿ ಕೊಡಂಗಿಲ್ಲ."

ಬರೆದವರು ಅಲ್ಲಿ ಹೊಸಬರನ್ನು ಸೇರಿಸಿಕೊಳ್ಳುತ್ತಿದ್ದ ನೂರಜಹಾನ್ ಆಪಾ, ಲಿಂಗಸುಗೂರಿನಲ್ಲಿ ಬಳೆ ಅಂಗಡಿಯವರು. ಅವರಿಗೂ ದನಿಯಿಲ್ಲ. ಸ್ನಾನ ಮಾಡುವಾಗ ತೂತು ಹೇಗೆ ಕಾಯ್ದುಕೊಳ್ಳಬೇಕು, ಕಫ ಕಟ್ಟಿದರೆ ಏನು ಮಾಡಬೇಕು, ಎಲ್ಲ ಅವರೇ ಬರೆದು ತಿಳಿಸಿದರು. ನಾನು ಅತ್ತದ್ದನ್ನೂ ಬರೆದುಕೊಂಡದ್ದು ಅವರ ಹತ್ತಿರವೇ. "ಅಂಗಡಿಗೆ ಬಾ ತಮ್ಮಾ" ಎಂದು ಕರೆಯುತ್ತಲೇ ಇದ್ದರು. ಒಂದೂವರೆ ತಾಸಿನ ದಾರಿ. ಬಸ್ಸಿನಲ್ಲಿ ಜನ ನೋಡುತ್ತಾರೆಂದು ನಾನು ಹೋಗಲಿಲ್ಲ.

ಆಮೇಲೆ ನೋಟಿಸ್ ಬಂತು. ಸರ್ವರ್ ನಡೆಸುತ್ತಿದ್ದವರು ಬೇರೊಬ್ಬರು, ಅವರಿಗೆ ಕ್ಯಾನ್ಸರ್ ತಿರುಗಿ ಬಂದಿತ್ತು. ತಿಂಗಳೊಳಗೆ ಎಲ್ಲರೂ ಬೇರೊಂದು ಸರ್ವರ್‌ಗೆ ಹೋಗಬೇಕು. ಗೆಳೆಯರ ಪಟ್ಟಿ ಜೊತೆಗೆ ಬರುತ್ತದೆ, ಬರೆದದ್ದು ಬರುವುದಿಲ್ಲ. ಆಪಾ ಹೇಳಿದ ಒಂದು ಮಾತೂ ಉಳಿಯುವುದಿಲ್ಲ. ನಾನು ಎರಡನೇ ಸಲ ಮೂಕನಾದೆ.

ಹೊಸ ಜಾಗಕ್ಕೆ ಹನ್ನೊಂದು ಮಂದಿ ಬಂದರು. ಆಪಾ ಬರಲಿಲ್ಲ. ಎರಡು ವಾರದಿಂದ ಅವರು ಏನೂ ಬರೆದಿರಲಿಲ್ಲ, ಜಾಗ ಬದಲಿಸುವ ಗಡಿಬಿಡಿ ಇರಬೇಕೆಂದುಕೊಂಡಿದ್ದೆ.

ನಾಲ್ಕು ದಿನ ಕಾದು, ಮಸ್ಕಿ ದಾಟಿ ಹೋಗುವ ಲಿಂಗಸುಗೂರು ಬಸ್ ಹತ್ತಿದೆ. ಎಲ್ಲರೂ ನೋಡಿದರು. ನೋಡಲಿ. ಕೇಳಿ ಹುಡುಕಲು ದನಿಯಿಲ್ಲ; ಚೀಟಿಯಲ್ಲಿ ಹೆಸರು ಬರೆದು ತೋರಿಸುತ್ತ ಅಂಗಡಿ ಮುಟ್ಟಿದೆ. ಒಳಗಿದ್ದ ಹೆಂಗಸು ನನ್ನ ಕುತ್ತಿಗೆ ನೋಡಿ ಎದ್ದು ನಿಂತಳು.

"ಸಿಂಧನೂರಿನ ಮಾಮಾ ಅಲ್ರಿ? ಅಮ್ಮಿ ಹೋಗಿ ಹದಿನೆಂಟು ದಿನ ಆತ್ರಿ. ನಿಮಗೆಲ್ಲ ಹೆಂಗ ಬರೀಬೇಕಂತ ತಿಳೀಲಿಲ್ಲ."

ಕರೆದಾಗ ಬರದವನು ಈಗ ಬಂದಿದ್ದೆ. ಇದಕ್ಕೆ ನನ್ನನ್ನು ನಾನು ಕ್ಷಮಿಸಲಾರೆ.

ಅಲ್ಲೇ ಸ್ಟೂಲಿನ ಮೇಲೆ ಕುಳಿತು ಹೊಸ ಸರ್ವರ್‌ನಲ್ಲಿ ಬರೆದೆ: ಆಪಾ ಹೋದರು, ನಾನು ಅವರ ಅಂಗಡಿಯಲ್ಲಿದ್ದೇನೆ, ಮಗಳು ಎದುರಿಗಿದ್ದಾಳೆ. ಒಬ್ಬೊಬ್ಬರಾಗಿ ಉತ್ತರ ಬರೆಯತೊಡಗಿದರು. ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಅಳುತ್ತಲೇ ಒಂದೊಂದನ್ನೂ ಗಟ್ಟಿಯಾಗಿ ಓದಿದಳು. ನಮ್ಮ ಮಂದಿಯ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.